ಫ್ಯಾನು ಅಂದ್ರೆ ಯಾರು ಸ್ವಾಮಿ?

“ನೀನು ಯಾರ ಫ್ಯಾನು?”

ಈ ಪ್ರಶ್ನೆ ಕೇಳಿಸಿಕೊಳ್ಳದೆ ಮೀಸೆ ಬಂದ ಹುಡುಗ ಕರ್ನಾಟಕದಲ್ಲಿ ಒಬ್ಬನೂ ಇರಲಾರ. ಊರು, ಓದು, ಕೆಲಸ ಎಲ್ಲಾ ಆಮೇಲೆ. ಹಾಸ್ಟೆಲ್ಲಿಗೆ ಹೊಸದಾಗಿ ಸೇರಿದವನಿಗೆ ಮೊದಲ ರಾತ್ರಿಯೇ ಈ ಪರೀಕ್ಷೆ. ಉತ್ತರ ಸರಿಯಾಗಿದ್ದರೆ ಅರ್ಧ ಲೋಟ ಟೀ, ತಪ್ಪಾದರೆ ಬಾಗಿಲ ಪಕ್ಕದ ಮಂಚ! ನಾನೂ ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದು ಗಂಟಲು ಕೆಡಿಸಿಕೊಂಡವನೇ. ಆದ್ದರಿಂದ ಈ ವಾರ ಯಾವ ತಾರೆಯ ಸುದ್ದಿಯೂ ಬೇಡ, ನಮ್ಮದೇ ಸುದ್ದಿ ಮಾತಾಡೋಣ. ಎಫ್, ಎ, ಎನ್. ಇಂಗ್ಲಿಷಿನ ಮೂರೇ ಮೂರು ಅಕ್ಷರ. ಎದೆ ಮೇಲೆ ಬರೆಸಿಕೊಳ್ಳುತ್ತೇವೆ, ಆಟೋ ಹಿಂದೆ ಬರೆಸುತ್ತೇವೆ, ಕೆಲವರು ಕೈಮೇಲೆ ಹಚ್ಚೆಯನ್ನೇ ಹಾಕಿಸಿಕೊಳ್ಳುತ್ತಾರೆ. ಆದರೆ ಆ ಪದ ಎಲ್ಲಿಂದ ಬಂತು, ಅದರ ಅಪ್ಪ ಅಮ್ಮ ಯಾರು ಅಂತ ಕೇಳಿದವರುಂಟೇ?

ಕೇಳಿದರೆ ಒಂದು ತಮಾಷೆ ಗೊತ್ತಾಗುತ್ತೆ. ಡಬಲ್ ಆ್ಯಕ್ಟಿಂಗ್ ಪಿಕ್ಚರ್ ಇದ್ದ ಹಾಗೆ, ಫ್ಯಾನು ಒಬ್ಬನಲ್ಲ, ಇಬ್ಬರು. ಮುಖ ಒಂದೇ, ಉಚ್ಚಾರ ಒಂದೇ. ಆದರೆ ಅವರು ಅಣ್ಣತಮ್ಮಂದಿರೂ ಅಲ್ಲ, ದಾಯಾದಿಗಳೂ ಅಲ್ಲ! ಒಬ್ಬ ಹೊಲದ ಕಣದಿಂದ ಬಂದವನು, ಇನ್ನೊಬ್ಬ ಗುಡಿಯಿಂದ ಬಂದವನು.

ಮೊದಲು ಕಣದಿಂದ ಬಂದವನ ಕಥೆ ಕೇಳಿ. ಸೀಲಿಂಗ್ ಫ್ಯಾನು, ಟೇಬಲ್ ಫ್ಯಾನು ಅಂತೀವಲ್ಲ, ಆ ಫ್ಯಾನು. ಇದರ ಮೂಲ ಲ್ಯಾಟಿನ್ ಭಾಷೆಯ ‘ವ್ಯಾನುಸ್’. ಹಾಗಂದ್ರೆ ಏನು ಗೊತ್ತೇ? ಮೊರ! ಹೌದು, ನಮ್ಮಜ್ಜಿ ರಾಗಿ ಕೇರುತ್ತಿದ್ದಳಲ್ಲ, ಅಂಥದೇ ಮೊರ. ರೋಮನ್ನರು ಕಾಳು ತೂರುವುದಕ್ಕೆ ಇಟ್ಟುಕೊಂಡಿದ್ದ ಆ ಹೆಸರು ಇಂಗ್ಲಿಷರ ಬಾಯಿಗೆ ಬಂದು ‘ಫ್ಯಾನ್’ ಆಯಿತು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲೂ ಫ್ಯಾನ್ ಅಂದರೆ ಕಾಳು ಹೊಟ್ಟು ಬೇರೆ ಮಾಡುವ ಸಾಧನವೇ ಹೊರತು ಗಾಳಿ ತಿರುಗುವ ಯಂತ್ರವಲ್ಲ. ಇನ್ನೂ ಸ್ವಾರಸ್ಯ ನೋಡಿ, ರೋಮನ್ನರಿಗೆ ಈ ಮೊರ ಬರೀ ಮನೆ ಸಾಮಾನಾಗಿರಲಿಲ್ಲ. ಬ್ಯಾಕಸ್ ದೇವರ ಪೂಜೆಯಲ್ಲಿ ಅದಕ್ಕೆ ಪವಿತ್ರ ಸ್ಥಾನವಿತ್ತು. ಗೌರಿ ಹಬ್ಬದಲ್ಲಿ ಮೊರದ ಬಾಗಿನ ಕೊಡುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊರ ಬೀಸಿದರೆ ಗಾಳಿ ಬರುತ್ತೆ. ಗಾಳಿ ಬಂದರೆ ಹೊಟ್ಟು ಹಾರುತ್ತೆ, ಜೊತೆಗೆ ಸೆಕೆಯೂ ಹೋಗುತ್ತೆ. ಹೀಗೆ ಕಾಳಿನ ಕೆಲಸದ ಪದ ನಿಧಾನಕ್ಕೆ ಗಾಳಿಯ ಕೆಲಸಕ್ಕೆ ತಿರುಗಿತು. ರಾಣಿಯರ ಕೈಯಲ್ಲಿ ಗರಿಯ ಬೀಸಣಿಗೆಯಾಯಿತು. ನಮ್ಮ ದೇಶಕ್ಕೆ ಬಂದ ದೊರೆಗಳು ಇಲ್ಲಿಯ ‘ಪಂಖ’ ಎಂಬ ಪದವನ್ನೇ ಎತ್ತಿಕೊಂಡರು. ಅದರ ಬೇರು ‘ಪಕ್ಷ’, ಅಂದರೆ ರೆಕ್ಕೆ. ಸೂರಿಗೆ ಉದ್ದನೆ ಬಟ್ಟೆ ತೂಗುಹಾಕಿ, ಅದರ ಹಗ್ಗವನ್ನು ಹೊರಗೆ ಕೂತ ಆಳಿನ ಕೈಗೆ ಕೊಟ್ಟು, ಒಳಗೆ ಸಾಹೇಬರು ತಣ್ಣಗಿರುತ್ತಿದ್ದರು. ಎಳೆಯುವವನಿಗೆ ಮಾತ್ರ ಬೆವರು! ಇಂಥ ಒಬ್ಬ ಪಂಖದ ಆಳು ಇ. ಎಂ. ಫಾರ್ಸ್ಟರ್ ಬರೆದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯ ಕೋರ್ಟ್ ದೃಶ್ಯದಲ್ಲಿದ್ದಾನೆ. 1984ರಲ್ಲಿ ಡೇವಿಡ್ ಲೀನ್ ಅದನ್ನು ಸಿನಿಮಾ ಮಾಡಿದಾಗ ಷೂಟಿಂಗ್ ನಡೆದದ್ದು ಬಹುಪಾಲು ನಮ್ಮ ಬೆಂಗಳೂರಿನಲ್ಲೇ, ಗುಹೆಯ ದೃಶ್ಯಗಳು ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ. ಗಬ್ಬರ್‌ಸಿಂಗ್ ಓಡಾಡಿದ ಬಂಡೆಗಳ ಹತ್ತಿರವೇ!

ಆಮೇಲೆ 1880ರ ದಶಕದಲ್ಲಿ ಅಮೆರಿಕದವರು ಫ್ಯಾನಿಗೆ ಕರೆಂಟು ಕೊಟ್ಟರು. ಹೊಲಿಗೆ ಮಷೀನಿನ ಸಿಂಗರ್ ಕಂಪನಿಯಲ್ಲಿದ್ದ ಫಿಲಿಪ್ ಡೀಲ್ ಎಂಬಾತ ಮೋಟಾರನ್ನು ತಾರಸಿಗೆ ತಗುಲಿಹಾಕಿ ಸೀಲಿಂಗ್ ಫ್ಯಾನ್ ಮಾಡಿದ. ಈಗ ನೀವು ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿದ್ದರೆ ಡ್ರೈವರ್ ತಲೆ ಪಕ್ಕ ಒಂದು ಫ್ಯಾನು ತಿರುಗುತ್ತಿರಬಹುದು, ಇಂಜಿನ್ನಿನ ಹೊಟ್ಟೆಯೊಳಗೆ ಇನ್ನೊಂದು. ಆ ಫ್ಯಾನಿನ ಬೆಲ್ಟು ಕಿತ್ತುಹೋದರೆ ಮ್ಯಾಟ್ನಿ ಷೋ ತಪ್ಪಿದಂತೆಯೇ ಲೆಕ್ಕ. ಇವೆಲ್ಲಾ ಮೊರದ ಮೊಮ್ಮಕ್ಕಳು. ಪೊಲೀಸರು ನಾಲ್ಕು ದಿಕ್ಕಿಗೂ ಹರಡಿಕೊಂಡರೆ ಇಂಗ್ಲಿಷಿನವರು ‘ಫ್ಯಾನ್ ಔಟ್’ ಅಂತಾರೆ, ಬಿಚ್ಚಿದ ಬೀಸಣಿಗೆಯ ಹಾಗೆ ಹರಡಿದರು ಅಂತ. ಇರೋ ಬೆಂಕಿಗೆ ಗಾಳಿ ಹಾಕುವುದಕ್ಕೂ ‘ಫ್ಯಾನ್’ ಅಂತಾರೆ. ಈ ಕೊನೇ ಅರ್ಥವನ್ನು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಇನ್ನೊಬ್ಬ, ನಮ್ಮವನು. ನೀವು, ನಾನು.

ಈತನ ಊರು ಗುಡಿ. ಲ್ಯಾಟಿನ್ನಿನಲ್ಲಿ ‘ಫಾನುಮ್’ ಅಂದರೆ ದೇವಸ್ಥಾನ. ಗುಡಿಗೆ ಸೇರಿದವನು, ದೇವರು ಮೈಮೇಲೆ ಬಂದವನು ‘ಫನಾಟಿಕುಸ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೈದುಂಬಿದವನು. ರೋಮಿನಲ್ಲಿ ಬೆಲೋನಾ ಎಂಬ ಯುದ್ಧದೇವತೆ ಇದ್ದಳು. ಆಕೆಯ ಪೂಜಾರಿಗಳು ಆವೇಶ ಬಂದಾಗ ತಮ್ಮ ತೋಳನ್ನು ತಾವೇ ಕೊಯ್ದುಕೊಂಡು ರಕ್ತ ಚೆಲ್ಲುತ್ತಿದ್ದರು. ಅವರನ್ನು ನೋಡಿಯೇ ಜನ ಈ ಪದಕ್ಕೆ ‘ಹುಚ್ಚು ಹಿಡಿದವನು’ ಎಂಬ ಅರ್ಥವನ್ನೂ ಅಂಟಿಸಿದರು. ಜಾತ್ರೆಯಲ್ಲಿ ಗಣ ತುಂಬಿ ಕುಣಿಯುವವರನ್ನು ಕಂಡ ನಮಗೆ ಇದು ಹೊಸದಲ್ಲ. ಅಂದ ಹಾಗೆ, ಗುಡಿಯ ಹೊರಗೆ ನಿಂತದ್ದು, ಮಡಿಯಲ್ಲದ್ದು ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಪ್ರೊಫೇನ್’ ಎಂಬ ಪದ ಇದೆ. ಅದೂ ಇದೇ ಫಾನುಮ್‌ನ ಮಗ. ಹೌಸ್‌ಫುಲ್ ಬೋರ್ಡಿನ ಮುಂದೆ ಟಿಕೆಟ್ಟಿಲ್ಲದೆ ನಿಂತವನ ಸ್ಥಿತಿ!

ಫನಾಟಿಕುಸ್ ಇಂಗ್ಲೆಂಡಿಗೆ ಬಂದು ‘ಫೆನೆಟಿಕ್’ ಆದ. ಹದಿನೇಳನೇ ಶತಮಾನದಲ್ಲಿ ಅಲ್ಲಿ ಅದೊಂದು ಬೈಗುಳ. ರಾಜನ ಚರ್ಚನ್ನು ಒಪ್ಪದ ಪಂಥದವರನ್ನು ಹಾಗೆ ಹಳಿಯುತ್ತಿದ್ದರು. 1682ರ ಒಂದು ಬರಹದಲ್ಲಿ ಇದನ್ನು ಮೊಟಕುಮಾಡಿ ‘ಫ್ಯಾನ್’ ಅಂತ ಬಳಸಿದ್ದೂ ಉಂಟು. ಆದರೆ ಆ ಮೊಟಕು ಆಗ ನಿಲ್ಲಲಿಲ್ಲ. ಅದು ಮತ್ತೆ ತಲೆಯೆತ್ತಿದ್ದು ಇನ್ನೂರು ವರ್ಷದ ಮೇಲೆ, ಅಮೆರಿಕದ ಬೇಸ್‌ಬಾಲ್ ಮೈದಾನದಲ್ಲಿ. 1880ರ ದಶಕದಲ್ಲಿ ಸೇಂಟ್ ಲೂಯಿಸ್ ಊರಿನ ತಂಡಕ್ಕೆ ಮ್ಯಾನೇಜರ್ ಆಗಿದ್ದ ಟೆಡ್ ಸಲಿವನ್ ಎಂಬಾತ, ‘ಈ ಪದ ಹುಟ್ಟಿಸಿದವನು ನಾನೇ’ ಅಂತ ಹೇಳಿಕೊಂಡ. ದಿನಾ ಬಂದು ಕೂತು ಕೂಗುವ, ಆಟಗಾರರಿಗೇ ಆಟ ಹೇಳಿಕೊಡುವ ಆಸಾಮಿಗಳಿಗೆ ಇಟ್ಟ ಹೆಸರು. ಇದು ಫೆನೆಟಿಕ್ ಅಲ್ಲ, ಬಾಕ್ಸಿಂಗ್ ನೋಡುವ ಶೋಕಿಲಾಲರಿಗೆ ಇಂಗ್ಲೆಂಡಿನಲ್ಲಿದ್ದ ‘ಫ್ಯಾನ್ಸಿ’ ಎಂಬ ಹೆಸರಿನ ತುಂಡು ಅಂತ ವಾದಿಸುವವರೂ ಇದ್ದಾರೆ. ಆದರೆ ನಿಘಂಟಿನವರ ಓಟು ಬಹುಮಟ್ಟಿಗೆ ಫೆನೆಟಿಕ್ ಕಡೆಗೇ.

ಅದೇ ಸೇಂಟ್ ಲೂಯಿಸ್ ಊರು ಸಿನಿಮಾ ಚರಿತ್ರೆಗೂ ಬರುತ್ತೆ, ನೋಡಿ! ಮೂಕಿ ಚಿತ್ರಗಳ ಮೊದಲ ಕಾಲದಲ್ಲಿ ನಟನಟಿಯರ ಹೆಸರನ್ನೇ ತೆರೆಯ ಮೇಲೆ ಹಾಕುತ್ತಿರಲಿಲ್ಲ. ಹೆಸರು ಬಂದರೆ ಸಂಬಳ ಜಾಸ್ತಿ ಕೇಳುತ್ತಾರೆ ಎಂಬ ಹೆದರಿಕೆ. ಬಯೋಗ್ರಾಫ್ ಕಂಪನಿಯ ಒಬ್ಬ ನಟಿಯನ್ನು ಜನ ‘ಬಯೋಗ್ರಾಫ್ ಹುಡುಗಿ’ ಅಂತಲೇ ಕರೆಯುತ್ತಿದ್ದರು. ಆಕೆ ಫ್ಲಾರೆನ್ಸ್ ಲಾರೆನ್ಸ್. ಕಾರ್ಲ್ ಲ್ಯಾಮ್ಲೆ ಎಂಬ ನಿರ್ಮಾಪಕ ಆಕೆಯನ್ನು ತನ್ನ ಕಂಪನಿಗೆ ಎಳೆದುಕೊಂಡ. 1910ರಲ್ಲಿ ಆಕೆ ಅಪಘಾತದಲ್ಲಿ ಸತ್ತಳು ಎಂಬ ಸುದ್ದಿ ಹಬ್ಬಿತು. ‘ಇದು ಸುಳ್ಳು, ಆಕೆ ಬದುಕಿದ್ದಾಳೆ, ನಮ್ಮಲ್ಲಿದ್ದಾಳೆ’ ಅಂತ ಲ್ಯಾಮ್ಲೆ ದೊಡ್ಡ ಜಾಹೀರಾತು ಕೊಟ್ಟ. ಸುಳ್ಳು ಹಬ್ಬಿಸಿದ್ದೂ ಅವನದೇ ಕಿತಾಪತಿ ಅಂತ ಚರಿತ್ರೆ ಬರೆದವರು ಹೇಳುತ್ತಾರೆ. ಆಮೇಲೆ ಆಕೆಯನ್ನು ಸೇಂಟ್ ಲೂಯಿಸಿಗೆ ಕರೆತಂದಾಗ ಜನ ಮುತ್ತಿಕೊಂಡು ಆಕೆಯ ಕೋಟಿನ ಗುಂಡಿ ಕಿತ್ತುಕೊಂಡರಂತೆ. ಫ್ಯಾನುಗಳನ್ನು ಹುಟ್ಟಿಸುವ ವಿದ್ಯೆ ಅಂದಿನಿಂದ ಶುರು. ಮರುವರ್ಷವೇ, 1911ರಲ್ಲಿ, ‘ಫೋಟೋಪ್ಲೇ’ಯಂಥ ಸಿನಿಮಾ ಪತ್ರಿಕೆಗಳು ಬಂದವು. ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ಮುತ್ತಜ್ಜಿ ಅವು.

1926ರ ಆಗಸ್ಟ್ 23ರಂದು ರುಡಾಲ್ಫ್ ವ್ಯಾಲೆಂಟಿನೋ ನ್ಯೂಯಾರ್ಕಿನಲ್ಲಿ ತೀರಿಕೊಂಡ. ವಯಸ್ಸು 31. ನೋಡಲು ಲಕ್ಷ ಜನ ಸೇರಿದರು ಅಂತ ಅಂದಾಜು. ಶವ ಇಟ್ಟಿದ್ದ ಕಟ್ಟಡದ ಕಿಟಕಿ ಗಾಜು ಪುಡಿಪುಡಿ, ಪೊಲೀಸರು ಕುದುರೆ ಮೇಲೆ ನುಗ್ಗಿದರು. ಹೆಚ್ಚೂಕಡಿಮೆ ನೂರು ವರ್ಷದ ಹಿಂದಿನ ಮಾತು. ಓದಿದರೆ ಮೊನ್ನೆ ಮೊನ್ನೆ ನಡೆದಂತಿದೆ, ಅಲ್ವೇ?

ಇನ್ನು ಪದ ಸುಮ್ಮನಿರುತ್ತದೆಯೇ, ಅದಕ್ಕೂ ಮಕ್ಕಳು ಮರಿ. ಫ್ಯಾನ್ ಮೇಲ್, ಫ್ಯಾನ್ ಕ್ಲಬ್, ಫ್ಯಾನ್ ಷೋ. ಅಭಿಮಾನಿಗಳೇ ತಮ್ಮ ಖರ್ಚಿನಲ್ಲಿ ಹೊರತರುವ ಪತ್ರಿಕೆಗೆ 1940ರಲ್ಲಿ ‘ಫ್ಯಾನ್‌ಝೀನ್’ ಎಂಬ ಹೆಸರು ಬಿತ್ತು. 2000ದಲ್ಲಿ ಎಮಿನೆಮ್ ಎಂಬ ಅಮೆರಿಕದ ಗಾಯಕ ‘ಸ್ಟ್ಯಾನ್’ ಎಂಬ ಹಾಡು ಹಾಡಿದ. ಗಾಯಕನಿಗೆ ಕಾಗದದ ಮೇಲೆ ಕಾಗದ ಬರೆದು, ಉತ್ತರ ಬಾರದೆ ತಲೆಕೆಟ್ಟು, ತನ್ನನ್ನೂ ತನ್ನವಳನ್ನೂ ಸಾವಿಗೆ ನೂಕುವ ಒಬ್ಬ ಅಭಿಮಾನಿಯ ಕಥೆ ಅದು. ಭಯ ಹುಟ್ಟಿಸಲು ಬರೆದದ್ದು. ಈಗ ಏನಾಗಿದೆ? ‘ಸ್ಟ್ಯಾನ್’ ಅಂದರೆ ಕಟ್ಟಾ ಅಭಿಮಾನಿ ಅಂತ ನಿಘಂಟಿಗೇ ಸೇರಿದೆ, ಹುಡುಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ!

ನಮ್ಮ ಕನ್ನಡದ ‘ಅಭಿಮಾನಿ’ಯೇನು ಕಮ್ಮಿಯವನೇ? ಸಂಸ್ಕೃತದಲ್ಲಿ ಅಭಿಮಾನ ಅಂದರೆ ಗರ್ವ, ನಾನೆಂಬುದು. ಸಾಂಖ್ಯ ದರ್ಶನದಲ್ಲಿ ಅಹಂಕಾರದ ಲಕ್ಷಣವೇ ಅಭಿಮಾನ. ಹೃಷಿಕೇಶ್ ಮುಖರ್ಜಿಯವರು 1973ರಲ್ಲಿ ಅಮಿತಾಭ್, ಜಯಾ ಜೋಡಿಯನ್ನು ಹಾಕಿ ತೆಗೆದ ‘ಅಭಿಮಾನ್’ ನೋಡಿ. ಹಾಡುಗಾರ್ತಿ ಹೆಂಡತಿ ತನಗಿಂತ ಮೇಲೆ ಬಂದಳಲ್ಲಾ ಅಂತ ಕುದಿಯುವ ಗಂಡನ ಕಥೆ. ಅಲ್ಲಿ ಅಭಿಮಾನ ಅಂದರೆ ಪ್ರೀತಿಯಲ್ಲ, ಬಿಂಕ. ಕನ್ನಡ ಆ ಮುಳ್ಳುಪದವನ್ನು ತೆಗೆದುಕೊಂಡು ಅದರೊಳಗೆ ಅಕ್ಕರೆ ತುಂಬಿತು. ತಮಿಳರು ‘ರಸಿಗರ್’ ಅನ್ನುತ್ತಾರೆ, ರಸ ಸವಿಯುವವನು. ಮಲೆಯಾಳಿಗಳು ‘ಆರಾಧಕರ್’ ಅನ್ನುತ್ತಾರೆ, ಪೂಜಿಸುವವನು. ಅಲ್ಲಿಗೆ ಮತ್ತೆ ರೋಮಿನ ಗುಡಿಗೇ ಬಂದೆವು!

ಆದರೆ ಈ ಗುಡಿಯನ್ನು ತಿರುಗಿಸಿ ನಿಲ್ಲಿಸಿದವರು ಒಬ್ಬರಿದ್ದರು. ಹೇಳಬೇಕೇ? ನಮ್ಮ ಅಣ್ಣಾವ್ರು. ಜಗತ್ತೆಲ್ಲಾ ತಾರೆಯನ್ನು ದೇವರು ಅಂದು, ಫ್ಯಾನನ್ನು ಭಕ್ತ ಅಂದರೆ, ರಾಜಕುಮಾರ್ ‘ಅಭಿಮಾನಿ ದೇವರುಗಳು’ ಅಂದುಬಿಟ್ಟರು. ಮೈದುಂಬಿ ಕುಣಿಯುವವನನ್ನೇ ಗರ್ಭಗುಡಿಗೆ ಕರೆದು ಕೂರಿಸಿದರು. ಲ್ಯಾಟಿನ್ ಬಲ್ಲ ಪಂಡಿತರು ಎರಡು ಸಾವಿರ ವರ್ಷದಲ್ಲಿ ಯೋಚಿಸದ ಅರ್ಥವನ್ನು ಗಾಜನೂರಿನ ಮುತ್ತುರಾಜ್ ಎರಡೇ ಪದದಲ್ಲಿ ಕೊಟ್ಟರು ಅಂತ ನನಗೆ ಅನ್ನಿಸುತ್ತದೆ.

ಈಗ ತಮಾಷೆ ಸಾಕು. ಸ್ವಲ್ಪ ಹತ್ತಿರ ಬನ್ನಿ, ಒಂದು ಮಾತು ಹೇಳಬೇಕು.

ದೇವರು ಅಂತ ಕರೆಸಿಕೊಂಡ ಮೇಲೆ ದೇವರ ಹಾಗೆ ನಡೆದುಕೊಂಡೆವೇ? ನಡೆದುಕೊಂಡದ್ದೂ ಉಂಟು. 1982ರ ಗೋಕಾಕ್ ಚಳವಳಿಯಲ್ಲಿ ಅಣ್ಣಾವ್ರ ಹಿಂದೆ ಬೀದಿಗಿಳಿದವರು ಅವರ ಅಭಿಮಾನಿಗಳು. 1994ರಲ್ಲಿ ಅವರ ಹೆಸರಿನಲ್ಲಿ ನೇತ್ರ ಬ್ಯಾಂಕ್ ಶುರುವಾಯಿತು. 2006ರ ಏಪ್ರಿಲ್ 12ರಂದು ಅವರು ಹೋದಾಗ ಕಣ್ಣು ಕೊಟ್ಟು ಹೋದರು. 2021ರ ಅಕ್ಟೋಬರ್ 29ರಂದು ಪುನೀತ್ 46ಕ್ಕೇ ಹೊರಟುಹೋದಾಗ ಅವರ ಎರಡು ಕಣ್ಣು ನಾಲ್ಕು ಮಂದಿಗೆ ಬೆಳಕಾದವು. ಆಮೇಲೆ ಸಾವಿರಾರು ಹುಡುಗರು ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು. ಇವರು ದೇವರುಗಳೇ ಸರಿ.

ಆದರೆ ಅದೇ 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರ ಮೆರವಣಿಗೆಯ ದಿನ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು, ಗೋಲೀಬಾರ್ ಆಯಿತು, ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಸತ್ತರು. ಯಾರ ಮೇಲಿನ ಪ್ರೀತಿಗೆ ಯಾರ ಮಗನನ್ನು ಬಲಿ ಕೊಟ್ಟದ್ದು? 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಅಂತ ರಾತ್ರಿ ಕಟೌಟ್ ನಿಲ್ಲಿಸುವಾಗ ಕರೆಂಟು ತಗುಲಿ ಮೂವರು ಹುಡುಗರು ಹೋದರು. ಯಶ್ ಆ ಊರಿಗೇ ಹೋಗಿ ಅವರ ತಂದೆತಾಯಿಯ ಮುಂದೆ ಕೂತರು, ಇಂಥ ಬ್ಯಾನರು ಕಟೌಟು ನನಗೆ ಬೇಡ ಅಂತ ಕೇಳಿಕೊಂಡರು. 2025ರ ಜೂನ್ 4ರಂದು ಕ್ರಿಕೆಟ್ ಕಪ್ಪು ಗೆದ್ದ ಸಂಭ್ರಮಕ್ಕೆ ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಹೊರಗೆ ಸೇರಿದವರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಹೋದವರು ಹಬ್ಬಕ್ಕೆ ಅಂತ ಮನೆಬಿಟ್ಟ ಮಕ್ಕಳು. ಅವರ ಅಭಿಮಾನದಲ್ಲಿ ತಪ್ಪು ಹುಡುಕುವ ಮನಸ್ಸು ನನಗಿಲ್ಲ. ಜನ ಸೇರಿಸಿ, ಸೇರಿದ ಜನಕ್ಕೆ ದಾರಿ ಮಾಡದವರ ಲೆಕ್ಕ ಬೇರೆಯೇ ಇದೆ.

ಅದಕ್ಕೇ ಆಗ ಜ್ಞಾಪಕದಲ್ಲಿಟ್ಟುಕೊಳ್ಳಿ ಅಂದದ್ದು. ಇರೋ ಬೆಂಕಿಗೆ ಗಾಳಿ ಹಾಕುವುದೂ ಫ್ಯಾನೇ. ಒಬ್ಬ ನಟನ ಹುಡುಗರು ಇನ್ನೊಬ್ಬ ನಟನ ಮನೆಯ ಹೆಣ್ಣುಮಕ್ಕಳನ್ನು ಮೊಬೈಲಿನಲ್ಲಿ ಕೊಳಕು ಮಾತಿನಿಂದ ಬೈಯುತ್ತಾರಲ್ಲ, ಅದು ಯಾವ ದೇವರ ಪೂಜೆ? ಬೆಲೋನಾದೇವಿಯ ಪೂಜಾರಿಗಳಾದರೂ ತಮ್ಮ ತೋಳನ್ನೇ ಕೊಯ್ದುಕೊಳ್ಳುತ್ತಿದ್ದರು, ಪಕ್ಕದವನದನ್ನಲ್ಲ! ಪಂಖ ಎಳೆದವನನ್ನೂ ನೆನೆಸಿಕೊಳ್ಳಿ. ಒಳಗೆ ತಂಪು ಯಾರಿಗೆ, ಹೊರಗೆ ಬೆವರು ಯಾರಿಗೆ?

ಹಾಗಾದರೆ ಫ್ಯಾನ್ ಆಗೋದೇ ಬೇಡವೇ? ಛೆ, ಯಾರಂದರು! ಸಿನಿಮಾ ನೋಡಿ ಮೈದುಂಬದವನಿಗೆ ಆ ಟಿಕೆಟ್ಟಿನ ದುಡ್ಡು ದಂಡ. ಹೀರೋ ಎಂಟ್ರಿಗೆ ಶಿಳ್ಳೆ ಹೊಡೀರಿ, ಪೇಪರ್ ಚೂರು ತೂರಿ, ಒನ್ಸ್ ಮೋರ್ ಅಂತ ಕಿರುಚಿ. ನಾನೂ ಜೊತೆಗಿದ್ದೇನೆ. ಆದರೆ ಆ ಹೆಸರಿನ ಇನ್ನೊಬ್ಬನನ್ನೂ, ಆ ಕಣದಿಂದ ಬಂದವನನ್ನೂ ಸ್ವಲ್ಪ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊರಕ್ಕೆ ಕಾಳಿನ ಮೇಲೆ ಕೋಪವಿಲ್ಲ. ಬೀಸಿ, ಕೇರಿ, ಜೊಳ್ಳನ್ನು ಹಾರಿಸಿ ಗಟ್ಟಿಯನ್ನು ಉಳಿಸಿಕೊಡುವುದು ಅದರ ಪ್ರೀತಿ. ನಿಮ್ಮ ಹೀರೋ ಕೆಟ್ಟ ಪಿಕ್ಚರ್ ಮಾಡಿದರೆ ‘ಚೆನ್ನಾಗಿಲ್ಲ ಗುರುವೇ’ ಅನ್ನುವ ಮೊದಲನೆಯವನು ನೀವಾಗಬೇಕು. ತೆರೆಯ ಮೇಲೆ ಚೆನ್ನಾಗಿದ್ದು ತೆರೆಯ ಹೊರಗೆ ದಾರಿ ತಪ್ಪಿದರೆ, ಅದನ್ನೂ ಅನ್ನಬೇಕು. ಎಲ್ಲಕ್ಕೂ ಜೈ ಅನ್ನುವವನಿಂದ ಯಾವ ನಟನೂ ಉದ್ಧಾರವಾಗಲಿಲ್ಲ. ಜೊಳ್ಳೂ ಕಾಳೂ ಒಟ್ಟಿಗೇ ಬೇಯಿಸಿದರೆ ಅನ್ನ ಯಾವ ಬಾಯಿಗೆ ರುಚಿ?

ಇನ್ನೊಂದೇ ಒಂದು ಮಾತು, ಅಣ್ಣನ ಮಾತು ಅಂತ ತಿಳಿದುಕೊಳ್ಳಿ. ಮುಂದಿನ ಸಲ ನಿಮ್ಮೂರಲ್ಲಿ ಕಟೌಟ್ ಎತ್ತುವಾಗ ಮೊದಲು ತಲೆಯೆತ್ತಿ ಮೇಲೆ ನೋಡಿ. ತಂತಿ ಇದ್ದರೆ ಬೇಡ, ಬಿಡಿ. ಕರೆಂಟು ಯಾರ ಫ್ಯಾನೂ ಅಲ್ಲ. ಆ ದುಡ್ಡಿನಲ್ಲಿ ನಾಲ್ಕು ಜನ ಸೇರಿ ಸಿನಿಮಾ ಇನ್ನೊಂದು ಸಲ ನೋಡಿ, ನಿರ್ಮಾಪಕನೂ ಬದುಕುತ್ತಾನೆ, ನೀವೂ ಬದುಕುತ್ತೀರಿ.

ಸರಿ, ಮುಂದಿನ ವಾರ ಇನ್ನೊಂದು ಪದ ಹಿಡಿದುಕೊಂಡು ಬರ್ತೀನಿ. ಅಗೋ ನಿಮ್ಮ ಬಸ್ಸು ಹಾರ್ನ್ ಹೊಡೀತಿದೆ, ಹತ್ತಿ. ಕಿಟಕಿ ಪಕ್ಕ ಸೀಟು ಸಿಗಲಿ!